ವ್ಯಾನಕ್ಕನ ‘ಬಿಡ್ತೀನಿ’

ಆ ಬಡಾವಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಶಾಲೆಯ ವ್ಯಾನು ಓಡಿಸುತ್ತಿದ್ದುದರಿಂದ ಮಕ್ಕಳು ವ್ಯಾನಕ್ಕ ಎಂದರು. ಮಕ್ಕಳ ಬಾಯಿಂದ ಅದು ತಾಯಂದಿರ ಬಾಯಿಗೆ ಹತ್ತಿತು, ಅಲ್ಲಿಂದ ಅಜ್ಜಂದಿರಿಗೂ. ಅವಳ ತಂದೆಯ ವಯಸ್ಸಿನ ಒಬ್ಬ ನಿವೃತ್ತ ಮೇಷ್ಟ್ರು ಕೂಡ ಮೊಮ್ಮಗನನ್ನು ಹತ್ತಿಸುವಾಗ, “ವ್ಯಾನಕ್ಕಾ, ಇವತ್ತು ಇವನಿಗೆ ಹೊಟ್ಟೆನೋವಂತೆ, ನಂಬಬೇಡ” ಎನ್ನುತ್ತಿದ್ದರು.

ವ್ಯಾನು ಹಳೆಯದು. ಅದರ ಜಾರುವ ಬಾಗಿಲು ಅರ್ಧಕ್ಕೆ ಬಂದು ಮೊಂಡು ಹಿಡಿದು ನಿಲ್ಲುತ್ತಿತ್ತು. ಕೆಳಗಡೆ ಒಂದು ಒದೆ ಬಿದ್ದರೆ ಮಾತ್ರ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಒದೆಯುವ ಪಾಳಿ ದಿನಕ್ಕೊಂದು ಮಗುವಿನದು. ಅವಳ ಪಕ್ಕದ ಸೀಟಿಗೆ ‘ಅಳುವ ಸೀಟು’ ಎಂದು ಹೆಸರು. ಅಮ್ಮನನ್ನು ನೆನೆದು ಅಳುವವರಿಗೆ ಅಲ್ಲಿ ಜಾಗ, ಅತ್ತದ್ದಕ್ಕೆ ಬಹುಮಾನವಾಗಿ ಒಂದು ಸಲ ಹಾರ್ನ್ ಒತ್ತುವ ಅಧಿಕಾರ. ಹಾಗಾಗಿ ಸೋಮವಾರ ಬೆಳಿಗ್ಗೆ ಅಳುವವರಿಗೆ ಬರವಿರಲಿಲ್ಲ. ವ್ಯಾನಕ್ಕ ಕನ್ನಡಿಯಲ್ಲಿ ಒಂದು ಸಲ ನೋಡಿ, “ಎಲ್ಲಿ, ಕಣ್ಣೀರು ತೋರಿಸು. ಉಗುಳು ಹಚ್ಕೊಂಡಿದ್ರೆ ನಡೆಯಲ್ಲ” ಎಂದು ನಿಜವಾದ ಅಳುವನ್ನು ಸುಳ್ಳಿನಿಂದ ಬೇರ್ಪಡಿಸುತ್ತಿದ್ದಳು.

ಉಳಿದ ವ್ಯಾನಿನವರೆಲ್ಲ ‘ಪಿಕಪ್’, ‘ಡ್ರಾಪ್’ ಎಂದು ಮಾತಾಡುತ್ತಿದ್ದರು. ಅವಳ ನಾಲಿಗೆಗೆ ಅದು ಒಗ್ಗಲಿಲ್ಲ. “ಡ್ರಾಪ್ ಅಂದ್ರೆ ಬೀಳಿಸೋದಲ್ವೇನ್ರೀ? ಮಕ್ಕಳನ್ನ ಯಾರಾದ್ರೂ ಬೀಳಿಸ್ತಾರಾ?” ಎನ್ನುತ್ತಿದ್ದಳು. ಅವಳದು ಎತ್ತಿಕೊಳ್ಳುವುದು, ಬಿಡುವುದು. “ಎಂಟು ಗಂಟೆಗೆ ಎತ್ಕೊಳ್ತೀನಿ.” “ಸಂಜೆ ಗೇಟಿನ ಹತ್ರ ಬಿಡ್ತೀನಿ.” ದಿನವಿಡೀ ಅದೇ ಮಾತು, ಫೋನಿನಲ್ಲೂ ಅದೇ ಬರಹ. ಮುಂದೆ ಅವಳು ಒಂದೇ ಒಂದು ದಿನ ಮನಸ್ಸು ಗಟ್ಟಿ ಮಾಡಿ ‘ಡ್ರಾಪ್’ ಎಂದಿದ್ದರೆ, ಒಬ್ಬ ನ್ಯಾಯಾಧೀಶೆ, ಇಬ್ಬರು ವಕೀಲರು, ಒಬ್ಬ ಬೆರಳಚ್ಚುಗಾರ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತಿತ್ತು.

ಅವಳಿಗೆ ಎಂಟು ವರ್ಷದ ಮಗಳಿದ್ದಳು. ಸಣಕಲಿ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ. ಎರಡಕ್ಕೂ ಹೊಂದುವಂತೆ ಎಲ್ಲರೂ ಕಡ್ಡಿ ಎಂದೇ ಕರೆಯುತ್ತಿದ್ದರು. ಕಡ್ಡಿಯ ಅಪ್ಪನಿಗೆ ಮಾರುಕಟ್ಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ನೋಡಿದರೆ ಅಪ್ಪಟ ಒಳ್ಳೆಯವರು. ಒಂದೇ ಸೂರಿನ ಕೆಳಗೆ ಮಾತ್ರ ಎಣ್ಣೆ ಸೀಗೇಕಾಯಿ. ಕಡ್ಡಿಗೆ ಮೂರು ವರ್ಷವಿದ್ದಾಗ ಬೇರೆಯಾದರು. ಕೋರ್ಟು ಮಗುವನ್ನು ಇಬ್ಬರಿಗೂ ಒಪ್ಪಿಸಿತು: ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಒಬ್ಬರ ಲಿಖಿತ ಒಪ್ಪಿಗೆಯಿಲ್ಲದೆ, ಇಲ್ಲವೇ ಕೋರ್ಟಿನ ಅನುಮತಿಯಿಲ್ಲದೆ ಇನ್ನೊಬ್ಬರು ಮಗುವನ್ನು ದೇಶದ ಹೊರಗೆ ಕರೆದುಕೊಂಡು ಹೋಗುವಂತಿಲ್ಲ ಎಂದೂ ಹೇಳಿತು. ಆಗ ಇಬ್ಬರೂ ನಕ್ಕಿದ್ದರು. ದೇಶದ ಹೊರಗೆ ಯಾರು ಹೋಗುತ್ತಾರೆ?

ಬೇರೆಯಾದ ಮೇಲೆ ವ್ಯಾನಕ್ಕನಿಗೆ ಬಂದ ದೊಡ್ಡ ಕಷ್ಟವೆಂದರೆ ಅವನನ್ನು ಹೇಗೆ ಕರೆಯುವುದೆಂಬುದು. ‘ರೀ’ ಎನ್ನುವ ಹಾಗಿಲ್ಲ, ಹೆಸರು ಹಿಡಿದು ಕರೆದು ಅಭ್ಯಾಸವಿಲ್ಲ, ‘ಅಣ್ಣಾ’ ಎಂದರೆ ನಾಲ್ಕು ಜನ ನಗುತ್ತಾರೆ. ಕೊನೆಗೆ ‘ಕಡ್ಡಿ ಅಪ್ಪ’ ಎಂದು ಕರೆಯತೊಡಗಿದಳು. ಅವನಿಗೂ ಅದು ಸರಿಯೆನಿಸಿರಬೇಕು, ‘ಹ್ಞೂಂ’ ಎನ್ನುತ್ತಿದ್ದ.

ಹೀಗಿರುವಾಗ ವ್ಯಾನಕ್ಕನ ಅಕ್ಕನಿಗೆ ಮಗುವಾಯಿತು. ಅಮ್ಮ ತೀರಿಕೊಂಡ ಮೇಲೆ ವ್ಯಾನಕ್ಕನ ತಲೆ ಬಾಚಿ ಶಾಲೆಗೆ ಕಳಿಸಿದವಳು ಈ ಅಕ್ಕ. ಕಡ್ಡಿ ಹುಟ್ಟಿದಾಗ ಬಾಣಂತನ ಮಾಡಿದವಳೂ ಅವಳೇ. ಮದುವೆಯಾಗಿ ದೂರದ ದೇಶಕ್ಕೆ ಹೋದವಳಿಗೆ ನಲವತ್ತು ದಾಟಿದ ಮೇಲೆ ಗಂಡು ಮಗು. ಅಲ್ಲಿ ಹತ್ತಿರದವರೆಂದು ಯಾರೂ ಇಲ್ಲ, ಭಾವನ ರಜೆಯೂ ಮುಗಿಯುತ್ತಾ ಬಂದಿತ್ತು.

“ಬಾ ಅಂತ ಕರೆಯಲ್ಲ ಕಣೇ, ನಿಂಗೆ ನೂರೆಂಟು ತಾಪತ್ರಯ” ಎಂದಳು ಅಕ್ಕ ಫೋನಿನಲ್ಲಿ. “ನಾನು ಸ್ನಾನ ಮಾಡಿ ಎಷ್ಟು ದಿನ ಆಯ್ತು ಅಂತ ಮಾತ್ರ ಕೇಳ್ಬೇಡ.”

ಇದು ಕರೆಯದೇ ಕರೆಯುವ ರೀತಿ ಎಂದು ವ್ಯಾನಕ್ಕನಿಗೆ ಗೊತ್ತಾಯಿತು. ಶಾಲೆಗೆ ದೊಡ್ಡ ರಜೆ ಬರುತ್ತಿತ್ತು. ವ್ಯಾನಿಗೂ ಆಗ ಕೆಲಸವಿಲ್ಲ. ಆದರೆ ರಜೆಯೆಂದರೆ ಕಡ್ಡಿ ಅವಳ ಜೊತೆ ಇಡೀ ದಿನ ಇರುವ ಕಾಲ. ಅವಳನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಕಡ್ಡಿಯಂತೂ ಮೊದಲೇ ತೀರ್ಪು ಕೊಟ್ಟಿದ್ದಳು: “ನೀನೊಬ್ಳೇ ಹೋದ್ರೆ ನಿನ್ನ ಜೊತೆ ಮಾತಾಡಲ್ಲ. ಅಪ್ಪನ ಜೊತೆಗೂ ಮಾತಾಡಲ್ಲ.”

“ಅಪ್ಪ ಏನೇ ಮಾಡಿದ್ರು?”

“ಏನೂ ಮಾಡಿಲ್ಲ. ಆದ್ರೂ ಮಾತಾಡಲ್ಲ.”

ಹೋದರೆ ಇಬ್ಬರೂ, ಇಲ್ಲದಿದ್ದರೆ ಯಾರೂ ಇಲ್ಲ. ವ್ಯಾನಕ್ಕ ಹಾಗೆಂದು ಗಟ್ಟಿ ಮಾಡಿಕೊಂಡಳು. ಎಲ್ಲವೂ ಕಡ್ಡಿ ಅಪ್ಪನ ಒಂದು ಸಹಿಯ ಮೇಲೆ ನಿಂತಿತ್ತು.

ಒಂದು ಮಧ್ಯಾಹ್ನ ಶಾಲೆಯ ಮುಂದೆ ವ್ಯಾನು ನಿಲ್ಲಿಸಿಕೊಂಡು, ಟೈಪು ಮಾಡಲು ಬೇಜಾರಾಗಿ, ಅದೇ ಕೇಳಿ ಬರೆದುಕೊಳ್ಳಲೆಂದು ಫೋನನ್ನು ಬಾಯಿಗೆ ಹಿಡಿದು ಹೇಳಿದಳು. ಅವಳು ಹೇಳಿದ್ದು ಇಷ್ಟು: “ಕಡ್ಡಿ ಅಪ್ಪಾ, ರಜೆ ಶುರುವಾದ ತಕ್ಷಣ ಇವಳನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗಿ, ಬಿಡ್ತೀನಿ ನಿಮ್ಮ ಮನೆಗೆ, ಶಾಲೆ ಶುರುವಾಗೋ ಹಿಂದಿನ ಭಾನುವಾರ. ನಿಮ್ಮ ಒಪ್ಪಿಗೆ ಬೇಕು.” ಆದರೆ ‘ಬಿಡ್ತೀನಿ’ ಎನ್ನುವಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಫೋನು ಬೆಚ್ಚಿತೋ ಏನೋ, ಕೇಳುವುದನ್ನು ಅಲ್ಲಿಗೇ ನಿಲ್ಲಿಸಿತು. ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಓಡಿ ಬಂದರು. ಅವಳು ನೋಡದೆ ಕಳಿಸಿದಳು.

ಕನ್ನಡಕದಂಗಡಿಯಲ್ಲಿ ಕೂತಿದ್ದವನಿಗೆ ಬಂದದ್ದು ಹೀಗಿತ್ತು: ‘ಕಡ್ಡಿ ಅಪ್ಪಾ ರಜೆ ಶುರುವಾದ ತಕ್ಷಣ ಇವಳನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗಿಬಿಡ್ತೀನಿ.’

ಉತ್ತರ ಬರಲಿಲ್ಲ. ಒಂದು ವಾರವಾದ ಮೇಲೆ ಕೋರ್ಟಿನಿಂದ ನೋಟೀಸು ಬಂತು. ‘ಮಗುವನ್ನು ಶಾಶ್ವತವಾಗಿ ಹೊರದೇಶಕ್ಕೆ ಕೊಂಡೊಯ್ಯುವುದಾಗಿ ಬೆದರಿಸಿರುವ’ ತಾಯಿಯನ್ನು ತಡೆಯಬೇಕೆಂದು ತಂದೆ ಕೇಳಿಕೊಂಡಿದ್ದ.

ವ್ಯಾನಕ್ಕ ಅದನ್ನು ಹಿಡಿದುಕೊಂಡು ಬಡಾವಣೆಯ ವಕೀಲಮ್ಮನ ಹತ್ತಿರ ಓಡಿದಳು. ವಕೀಲಮ್ಮನ ಕಚೇರಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ಕೆಳಗಿನ ಯಂತ್ರದ ಬಿಸಿ ಮೇಲಿನ ನೆಲಕ್ಕೂ ಹತ್ತುತ್ತಿತ್ತು. ವಕೀಲಮ್ಮನ ಮಗ ಅಳುವ ಸೀಟಿನ ಹಳೆಯ ಗಿರಾಕಿಯಾದ್ದರಿಂದ ಸಲುಗೆ ಇತ್ತು.

“ಈ ಮೆಸೇಜು ನೀವೇ ಕಳಿಸಿದ್ದಾ, ವ್ಯಾನಕ್ಕ?”

“ನಾನೇ.”

“ಏನಂತ ಕಳಿಸಿದ್ರಿ?”

“ಬಿಡ್ತೀನಿ ಅಂತ.”

“ಏನನ್ನ? ದೇಶಾನಾ?”

“ಅಯ್ಯೋ, ಮಗೂನ ಕಣ್ರೀ! ಅವರ ಮನೆ ಬಾಗಿಲಿಗೆ!”

ವಕೀಲಮ್ಮ ಕಾಗದವನ್ನು ದೂರ ಹಿಡಿದು ಓದಿದಳು, ಹತ್ತಿರ ಹಿಡಿದು ಓದಿದಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

“ನಗ್ತೀರಲ್ಲ! ಊರಿಗೆಲ್ಲ ಕನ್ನಡಕ ಹಾಕೋ ಮನುಷ್ಯನಿಗೆ ಒಂದು ಸಾಲು ಸರಿಯಾಗಿ ಓದೋಕಾಗ್ಲಿಲ್ವಲ್ಲ!”

“ಅವರು ಸರಿಯಾಗೇ ಓದಿದಾರೆ. ನೀವು ಸರಿಯಾಗಿ ಕಳಿಸಿಲ್ಲ” ಎಂದಳು ವಕೀಲಮ್ಮ ಕಣ್ಣು ಒರೆಸಿಕೊಂಡು. “ಇರ್ಲಿ. ಅವರು ತಡೀರಿ ಅಂತ ಕೇಳಿದಾರೆ, ನಾವು ಕಳಿಸಿಕೊಡಿ ಅಂತ ಕೇಳೋಣ. ಹೋಗೋ ಬರೋ ಎರಡೂ ಟಿಕೆಟಿನ ವಿವರ ಬೇಕು. ನಿಮ್ಮಕ್ಕನ ವಿಳಾಸ, ಶಾಲೆ ಯಾವಾಗ ಶುರು ಅನ್ನೋ ಪತ್ರ. ಆಮೇಲೆ, ವಾಪಸ್ ಬರೋಕೆ ಇಲ್ಲಿ ನಿಮಗೇನಿದೆ ಅಂತ ತೋರಿಸ್ಬೇಕು.”

“ಏನಿದೆ ಅಂದ್ರೆ? ವ್ಯಾನಿದೆ. ನಾನಿಲ್ದಿದ್ರೆ ಬಡಾವಣೆಯ ಅರ್ಧ ಮಕ್ಕಳು ಶಾಲೆಗೇ ಹೋಗಲ್ಲ.”

“ಅದನ್ನೇ ಬರೀತೀನಿ. ಸ್ವಲ್ಪ ನಾಜೂಕಾಗಿ.”

ಕೋರ್ಟಿನ ಆ ಕೋಣೆ ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಫ್ಯಾನು ಕಾಗದ ಹಾರಿಸುತ್ತದೆಂದು ಅದನ್ನು ನಿಲ್ಲಿಸಿದ್ದರು. ನ್ಯಾಯಾಧೀಶೆಗೆ ನೆಗಡಿಯಾಗಿತ್ತು. ಕಡ್ಡಿ ಅಪ್ಪ ಆಚೆ ಬದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರ ಕಡೆಗೂ ನೋಡದೆ ಕುಳಿತಿದ್ದ. ಅವನ ವಕೀಲರು ವಯಸ್ಸಾದವರು, ಕಂಠ ಗಂಟೆಯಂಥದು. ಎದ್ದು ನಿಂತು ಆ ಒಂದು ಸಾಲನ್ನು ನಾಟಕದ ಮಾತಿನ ಹಾಗೆ ಓದಿದರು.

“ಮೇಡಂ, ‘ಹೋಗ್ತೀನಿ’ ಬೇರೆ, ‘ಹೋಗಿಬಿಡ್ತೀನಿ’ ಬೇರೆ. ‘ತಿಂದೆ’ ಅಂದ್ರೆ ತಟ್ಟೇಲಿ ಏನಾದ್ರೂ ಉಳಿದಿರಬಹುದು. ‘ತಿಂದುಬಿಟ್ಟೆ’ ಅಂದ್ರೆ ಮುಗೀತು, ತಟ್ಟೆ ಖಾಲಿ. ಈಕೆ ತಟ್ಟೆ ಖಾಲಿ ಮಾಡೋಕೆ ಹೊರಟಿದಾರೆ.”

ವಕೀಲಮ್ಮ ಎದ್ದಳು. “ಮೇಡಂ, ‘ಕಾಫಿ ಕುಡಿದುಬಿಡ್ತೀನಿ’ ಅಂದೋರು ಆಮೇಲೆ ಜನ್ಮದಲ್ಲೇ ಕಾಫಿ ಕುಡಿಯೋದಿಲ್ವಾ? ನಮ್ಮ ಹಿರಿಯ ವಕೀಲರು ಬೆಳಿಗ್ಗೆಯಿಂದ ಎರಡು ಸಲ ಕುಡಿದುಬಿಟ್ಟಿದಾರೆ.”

“ಅದು ಬೇರೆ ಬಿಡಮ್ಮ...”

“ನೋಡಿ, ‘ಬಿಡಮ್ಮ’ ಅಂತಾರೆ! ಏನನ್ನ ಬಿಡ್ಲಿ ಮೇಡಂ? ಕೇಸನ್ನಾ?”

“ಇಬ್ರೂ ಒಂದು ನಿಮಿಷ ಸುಮ್ನಿದ್ದುಬಿಡಿ!” ಎಂದರು ನ್ಯಾಯಾಧೀಶೆ. ಹೇಳಿದ ಮೇಲೆ ತಾವು ಆಡಿದ್ದೇನೆಂದು ಅವರಿಗೇ ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದ ಹಾಗೆ ನಕ್ಕರು. ಅವರು ಮೂಗು ಒರೆಸಿಕೊಂಡು ವ್ಯಾನಕ್ಕನ ಕಡೆ ತಿರುಗಿದರು. “ನೀವೇ ಹೇಳಿ. ಏನು ಹೇಳೋಕೆ ಹೊರಟಿದ್ರಿ?”

ವ್ಯಾನಕ್ಕ ಲಾರಿಯ ಹಾರ್ನಿನಿಂದ ಶುರುಮಾಡಿ ಎಲ್ಲ ಹೇಳಿದಳು. ನಂಬದಿದ್ದರೆ ನೋಡಿ ಎಂದು ಫೋನನ್ನೇ ಮುಂದಿಟ್ಟಳು. ಮಕ್ಕಳ ಮನೆಯವರಿಗೆ ಕಳಿಸಿದ್ದ ಒಂದೊಂದೇ ಸಾಲನ್ನು ನ್ಯಾಯಾಧೀಶೆ ಗಟ್ಟಿಯಾಗಿ ಓದಿದರು. ‘ಮಳೆ ಜಾಸ್ತಿ, ಬಾಗಿಲಿಗೇ ಬಿಡ್ತೀನಿ.’ ‘ನಿಮ್ಮವನು ವಾಂತಿ ಮಾಡ್ಕೊಂಡ, ಮೊದ್ಲು ಅವನನ್ನೇ ಬಿಡ್ತೀನಿ.’ ‘ಬೀಗ ಹಾಕಿದೆ, ಪಕ್ಕದ ಮನೇಲಿ ಬಿಡ್ಲಾ?’ ಓದುತ್ತಾ ಓದುತ್ತಾ ಅವರ ನೆಗಡಿಯೇ ಕಡಿಮೆಯಾದಂತೆ ಕಂಡಿತು.

“ಪದದ ವಿಷಯ ನಂಗೆ ಅರ್ಥ ಆಯ್ತು” ಎಂದರು. ಆಮೇಲೆ ಆಚೆ ಬದಿ ನೋಡಿದರು. ಕಡ್ಡಿ ಅಪ್ಪ ನಕ್ಕಿರಲಿಲ್ಲ. ಅವನ ವಕೀಲರ ಮುಖದಲ್ಲೂ ನಗು ಬಂದಿತ್ತು, ಅವನ ಮುಖ ಮಾತ್ರ ಹಾಗೇ ಇತ್ತು. “ಅಪ್ಪನ ಮುಖ ನೋಡಿದ್ರೆ ಇದು ಪದದ ವಿಷಯ ಅಲ್ಲ. ಇಬ್ರೂ ಪಕ್ಕದ ಕೋಣೇಲಿ ಕೂತ್ಕೊಂಡು ಮಾತಾಡಿ. ವಕೀಲರು ಇಲ್ಲೇ ಇರಲಿ.”

ಪಕ್ಕದ ಕೋಣೆಯಲ್ಲಿ ಒಂದು ದುಂಡು ಮೇಜು, ಮೂಲೆಯಲ್ಲಿ ಚಕ್ರ ಕಳಚಿದ ಆಟದ ಕಾರುಗಳು, ಗಂಡ ಹೆಂಡಿರ ಜಗಳ ಕೇಳಿ ಕೇಳಿ ಪಳಗಿದ ಒಬ್ಬ ಹಿರಿಯ ಹೆಂಗಸು. ಆಕೆ ಕೋರ್ಟಿನ ಸಮಾಲೋಚಕಿ. “ಈಗಷ್ಟೇ ಅವರು ವಿವರಿಸಿದ್ರಲ್ಲ ಸಾರ್, ಆದ್ರೂ ನಿಮಗೆ ಯಾಕೆ ಸಮಾಧಾನ ಇಲ್ಲ?” ಎಂದು ಕೇಳಿದಳು.

ಕಡ್ಡಿ ಅಪ್ಪ ಮೇಜಿನ ಮೇಲಿನ ಒಂದು ಕಲೆಯನ್ನು ಬೆರಳಿನಿಂದ ಉಜ್ಜಿದ. “ಆ ಮಾತು ನಾನು ವರ್ಷಗಟ್ಟಲೆ ಕೇಳಿದ್ದೀನಮ್ಮ. ಉಪ್ಪು ಜಾಸ್ತಿ ಅಂದ್ರೆ ‘ಹೋಗಿಬಿಡ್ತೀನಿ’. ಅಂಗಡಿಯಿಂದ ಬರೋದು ತಡ ಆದ್ರೆ ‘ಹೋಗಿಬಿಡ್ತೀನಿ’. ನಾನು ನಗ್ತಿದ್ದೆ, ಹೋಗೋರು ಹೇಳಿ ಹೋಗ್ತಾರಾ ಅಂತ. ಒಂದು ದಿನ ಅಂಗಡಿ ಮುಚ್ಕೊಂಡು ಬರ್ತೀನಿ, ಮನೆ ಖಾಲಿ. ಮಗೂನ ಎತ್ಕೊಂಡು ಹೋಗೇಬಿಟ್ಟಿದ್ಲು. ಅವತ್ತಿಂದ ಆ ಪದ ನಂಗೆ ಬೇರೆ ಥರ ಓದೋಕೆ ಬರಲ್ಲ. ಎಷ್ಟು ಪವರಿನ ಕನ್ನಡಕ ಹಾಕಿದ್ರೂ.”

ವ್ಯಾನಕ್ಕ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ದಿನ ಅವನು ಹಟಕ್ಕೆ ಬಿದ್ದು ತಡೆಯುತ್ತಿದ್ದಾನೆಂದೇ ಅಂದುಕೊಂಡಿದ್ದಳು. ಅವನು ಹೆದರಿದ್ದ.

“ಹೌದು, ಹೇಳ್ತಿದ್ದೆ” ಎಂದಳು. “ಹೋದೆ ಕೂಡ. ಆದ್ರೆ ಕಡ್ಡಿ ಅಪ್ಪಾ, ಅದು ನನ್ನ ಮಾತು, ನನ್ನ ಕಾಲು. ಇವಳನ್ನ ನಿಮ್ಮಿಂದ ಕಿತ್ಕೊಂಡು ಹೋಗ್ತೀನಿ ಅಂತ ಯಾವತ್ತಾದ್ರೂ ಅಂದಿದ್ನಾ? ಅವತ್ತು ಹೋದವಳು ಭಾನುವಾರ ಏನು ಮಾಡ್ದೆ? ಇನ್ನೂ ಕೋರ್ಟೂ ಇರ್ಲಿಲ್ಲ, ಆರ್ಡರೂ ಇರ್ಲಿಲ್ಲ.”

ಅವನು ಕಲೆ ಉಜ್ಜುವುದನ್ನು ನಿಲ್ಲಿಸಿದ. “ಮಗೂನ ತಂದು ಬಿಟ್ಟೆ.”

“ಎಲ್ಲಿ?”

“ನಮ್ಮ ಮನೆ ಬಾಗಿಲಲ್ಲಿ. ಜ್ವರದ ಔಷಧಿ, ಟೋಪಿ ಎಲ್ಲಾ ಕೊಟ್ಟು.”

“ಈಗಲೂ ಅಷ್ಟೇ. ಆ ಬಾಗಿಲು ಬಿಟ್ಟು ಇವಳನ್ನ ಬೇರೆಲ್ಲಿಗೂ ತರೋದಿಲ್ಲ.”

ಸಮಾಲೋಚಕಿ ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಅವನು ಕುಡಿದು, “ನಂಗೆ ದಿನಾ ಅವಳ ಮುಖ ಕಾಣ್ಬೇಕು” ಎಂದ.

“ಕಾಣಿಸ್ತೀನಿ. ಅವಳು ನಿಂತ್ಕೊಂಡ್ರೆ. ನಿಂತ ಕಡೆ ನಿಲ್ಲೋ ಮಗುನಾ ಅದು?”

“ನಿನ್ನ ಥರಾನೇ.”

“ಮಾತು ನಿಮ್ಮ ಥರ. ಚುಚ್ಚೋದು.”

“ನನ್ನ ಪಾಳಿಯ ವಾರಗಳು ಹೋಗ್ತಾವಲ್ಲ ಅದರ ಮಧ್ಯೆ?”

“ಬಂದ ಮೇಲೆ ಅಷ್ಟೂ ವಾರ ಒಟ್ಟಿಗೆ ನಿಮ್ಮ ಹತ್ರ ಇರ್ಲಿ. ನಂಗೂ ಮನೆ ಗುಡಿಸೋಕೆ ಪುರುಸೊತ್ತಾಗುತ್ತೆ.”

ಅವನು ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ಆಮೇಲೆ ಅವಳನ್ನೇ ನೋಡಿ, “ಆಯ್ತು. ಹೋಗಿ ಬನ್ನಿ” ಎಂದ.

ಒಪ್ಪಿಗೆಯ ಸುದ್ದಿ ಕೇಳಿ ನ್ಯಾಯಾಧೀಶೆ ಅಲ್ಲೇ ಆದೇಶ ಹೇಳಿ ಬರೆಸಲು ಕುಳಿತರು. ಶುರುಮಾಡುವ ಮೊದಲು ಬೆರಳಚ್ಚುಗಾರನಿಗೆ ಒಂದು ಎಚ್ಚರಿಕೆ ಕೊಟ್ಟರು: “ಈ ಆದೇಶದಲ್ಲಿ ‘ಬಿಡು’ ಅನ್ನೋ ಪದ ಎಲ್ಲೂ ಕಾಣ್ಕೂಡದು.”

ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮಗುವನ್ನು ಕರೆದುಕೊಂಡು ಹೋಗಲು ಅನುಮತಿ ಇದೆ ಎಂಬಲ್ಲಿಗೆ ಸರಾಗವಾಗಿ ಬಂತು. ಶಾಲೆ ತೆರೆಯುವ ಹಿಂದಿನ ಭಾನುವಾರ ತಂದೆಯ ಮನೆಗೆ ಮಗುವನ್ನು... ಬೆರಳಚ್ಚುಗಾರನ ಬೆರಳು ಗಾಳಿಯಲ್ಲಿ ನಿಂತಿತು. “ಏನು ಮಾಡತಕ್ಕದ್ದು ಅಂತ ಹಾಕ್ಲಿ, ಮೇಡಂ?”

“ತಲುಪಿಸತಕ್ಕದ್ದು” ಎಂದಳು ವಕೀಲಮ್ಮ.

“ಪಾರ್ಸಲ್ ಆಯ್ತದು” ಎಂದರು ಹಿರಿಯ ವಕೀಲರು. “ಒಪ್ಪಿಸತಕ್ಕದ್ದು.”

“ಒಪ್ಪಿಸೋದು ಕಳ್ಳನ್ನ ಅಲ್ವಾ ಸಾರ್, ಪೊಲೀಸಿಗೆ?” ಎಂದ ಬೆರಳಚ್ಚುಗಾರ.

“ಮರಳಿ ಕರೆತಂದು ತಂದೆಯ ಕೈಗೆ ಕೊಡತಕ್ಕದ್ದು” ಎಂದರು ನ್ಯಾಯಾಧೀಶೆ. ಅದನ್ನೇ ಟೈಪು ಮಾಡಲಾಯಿತು. ಜೊತೆಗೆ, ಮಗು ಪ್ರತಿದಿನ ತಂದೆಯೊಂದಿಗೆ ಮುಖ ಕಾಣುವಂತೆ ಫೋನಿನಲ್ಲಿ ಮಾತಾಡಬೇಕೆಂಬುದನ್ನೂ ಸೇರಿಸಿದರು. ಸಹಿ ಹಾಕುತ್ತಾ, “ಇನ್ಮೇಲೆ ಫೋನಿಗೆ ಹೇಳಿ ಬರೆಸ್ಬೇಡಿ, ನೀವೇ ಬರೀರಿ. ಬರೆದ ಮೇಲೆ ಒಂದು ಸಲ ಓದಿ” ಎಂದರು.

“ಓದಿಯೇ ಬಿಡ್ತೀನಿ ಮೇಡಂ” ಎಂದಳು ವ್ಯಾನಕ್ಕ. ಈ ಸಲ ಕಡ್ಡಿ ಅಪ್ಪನೂ ನಕ್ಕ.

ವಿಮಾನ ನಿಲ್ದಾಣದಲ್ಲಿ ಗಾಜಿನ ಗೂಡಿನ ಹಿಂದೆ ಕೂತ ಅಧಿಕಾರಿ ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಹಿಂದಿನ ಸಾಲಿನವರು ಕಾಲು ಬದಲಾಯಿಸಿದರು. ಎಲ್ಲ ಸರಿಯಿದೆಯೆಂದು ಗೊತ್ತಿದ್ದರೂ ವ್ಯಾನಕ್ಕ ವಾಪಸು ಬರುವ ಟಿಕೆಟನ್ನೂ ತೆಗೆದು ಮುಂದಿಟ್ಟಳು. ಅವನು ಕಡ್ಡಿಯತ್ತ ಬಾಗಿದ.

“ಎಲ್ಲಿಗಮ್ಮ ಹೊರಟಿದ್ದು?”

“ಬಾಣಂತನಕ್ಕೆ.”

“ಓಹೋ. ಯಾರದು?”

“ದೊಡ್ಡಮ್ಮಂದು. ಮಾಡೋದು ನಮ್ಮಮ್ಮ. ನಾನು ಉಸ್ತುವಾರಿ.”

ಅವನು ಮುದ್ರೆ ಒತ್ತಿದ.

ಅಕ್ಕನ ಮನೆ ಮೂರನೇ ಮಹಡಿಯಲ್ಲಿ, ಒಂದೂವರೆ ಕೋಣೆಯದು. ಕುರ್ಚಿಗಳ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಅಕ್ಕ ಬಾಗಿಲು ತೆಗೆದು, ತಂಗಿಯನ್ನು ತಬ್ಬಿಕೊಂಡು, ಮಗುವನ್ನು ಅವಳ ಕೈಗಿಟ್ಟು ನೇರ ಸ್ನಾನಕ್ಕೆ ಹೋದಳು.

ಅಂದು ಸಂಜೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಅಪ್ಪನಿಗೆ ಕರೆ ಹಚ್ಚಿದರು. ಕಡ್ಡಿ ಒಂದು ಕ್ಷಣ ಕಾಣಿಸಿಕೊಂಡು, “ಅಪ್ಪಾ, ಪಾಪು ಆಕಳಿಸ್ತಿದೆ!” ಎಂದು ಕೂಗಿ ಒಳಗೆ ಓಡಿದಳು. ಪರದೆಯ ಈಚೆ ವ್ಯಾನಕ್ಕ, ಆಚೆ ಕಡ್ಡಿ ಅಪ್ಪ ಉಳಿದರು. ಅವನ ಹಿಂದೆ ಗೋಡೆಯ ತುಂಬ ಕನ್ನಡಕಗಳು. ಫೋನು ಇಟ್ಟುಬಿಡುವುದೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ.

“ಅಲ್ಲಿ ಚಳಿನಾ?”

“ಹ್ಞೂಂ, ಇದೆ.”

“ಅಕ್ಕ ಹೇಗಿದಾರೆ?”

“ನಿದ್ದೆ ಇಲ್ಲ, ಅಷ್ಟೇ.”

“ಮಗು ಯಾರ ಥರ ಇದೆ?”

“ಇನ್ನೂ ಯಾರ ಥರಾನೂ ಇಲ್ಲ. ಬಟಾಣಿ ಥರ ಇದೆ.”

ಅವನು ಗಟ್ಟಿಯಾಗಿ ನಕ್ಕ. ಅಷ್ಟು ದೂರದಿಂದ ನೋಡಿದರೆ ಅವನು ಬಹಳ ಒಳ್ಳೆಯ ಮನುಷ್ಯ ಎಂದು ವ್ಯಾನಕ್ಕನಿಗೆ ಅನಿಸಿತು. ಅಷ್ಟೇ ದೂರ ಸಾಕು ಎಂದೂ ಅನಿಸಿತು. “ಅವಳಿಗೆ ಚಳಿಗೆ ಕೆಮ್ಮು ಬರುತ್ತೆ, ಕಿವಿ ಮುಚ್ಚಿಸು” ಎಂದು ಅವನು ಹೇಳುತ್ತಿರುವಾಗಲೇ ಕಡ್ಡಿ ವಾಪಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಮ್ಮಾ, ನನ್ನ ಟೈಮಲ್ಲಿ ನೀನ್ಯಾಕೆ ಮಾತಾಡ್ತಿದೀಯ? ಜಡ್ಜ್ ಮೇಡಂ ಇದನ್ನ ನಂಗೆ ಕೊಟ್ಟಿರೋದು.”

ಫೋನನ್ನು ಕಿತ್ತುಕೊಂಡು, ಅಪ್ಪನಿಗೆ ಬಟಾಣಿ ತೋರಿಸಲು ಓಡಿದಳು. ಅಲ್ಲಾಡುವ ಪರದೆಯಿಂದ “ನಿಧಾನ, ನಿಧಾನ, ನಂಗೆ ಬರೀ ಚಾವಣಿ ಕಾಣ್ತಿದೆ” ಎನ್ನುವ ದನಿ ಒಳಕೋಣೆಯವರೆಗೂ ಹೋಯಿತು. ವ್ಯಾನಕ್ಕ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬಟ್ಟೆ ಹಿಂಡಲು ಎದ್ದಳು.